ಗಡಿಯಿಲ್ಲದ ಕಡೆ ಗೆರೆ ಎಳೆಯದ ಒಂದು ಭೂಪಟ ಸಂಪುಟ

ಚಾರಿತ್ರಿಕ ಭೂಪಟಗಳ ಸಂಪುಟ ಯಾವುದೇ ಕೈಗೆ ಬಂದರೂ ನಾನು ಮೊದಲು ತೆರೆಯುವುದು ಪೋಲೆಂಡಿನ ಪುಟವನ್ನು. 1772, 1793 ಮತ್ತು 1795ರ ಮೂರು ವಿಭಜನೆಗಳಲ್ಲಿ ನೆರೆಯ ಸಾಮ್ರಾಜ್ಯಗಳ ಪಾಲಾಗಿ, 123 ವರ್ಷಗಳ ನಂತರ 1918ರಲ್ಲಿ ಸ್ವತಂತ್ರ ರಾಜ್ಯವಾಗಿ ಮರಳಿ ಬಂದು, 1945ರಲ್ಲಿ ಇಡಿಯಾಗಿ ಪಶ್ಚಿಮಕ್ಕೆ ಸರಿದ ದೇಶ ಅದು. ಅದನ್ನು ಸರಿಯಾಗಿ ತೋರಿಸಿದ ಸಂಪಾದಕರ ಮೇಲೆ ಉಳಿದ ಪುಟಗಳಿಗೂ ನಂಬಿಕೆ ಇಡಬಹುದು. ಆರು ತಿಂಗಳಿಂದ ನಾನು ಬಳಸುತ್ತಿರುವ ಈ ದೊಡ್ಡ ಗಾತ್ರದ ಸಂಪುಟದಲ್ಲಿ 1939ರ ಪೋಲೆಂಡಿನ ಮೇಲೆ ಹೊದಿಸಲು 1945ರ ಗಡಿಯನ್ನು ಮುದ್ರಿಸಿದ ಪಾರದರ್ಶಕ ಹಾಳೆಯೊಂದನ್ನು ಹೊಲಿದಿದ್ದಾರೆ. ಹಾಳೆಯನ್ನು ಮಗುಚಿ ಹಾಕಿದೊಡನೆ ಲ್ವೂಫ್ ನಗರ ಗಡಿಯಾಚೆಗೆ, ಸೋವಿಯತ್ ಉಕ್ರೇನಿಗೆ ಸೇರಿಹೋಗುತ್ತದೆ. ಜರ್ಮನಿಯ ಬ್ರೆಸ್ಲೌ ಈಚೆಗೆ ಬಂದು ವ್ರೋಟ್ಸ್ವಾಫ್ ಆಗುತ್ತದೆ. ಗೆರೆಯೊಂದಿಗೆ ಜನರೂ ಊರು ಬಿಡಬೇಕಾಯಿತು ಎಂಬುದನ್ನು ಅದೇ ಹಾಳೆಯ ಸಣ್ಣ ಬಾಣದ ಗುರುತುಗಳು ತೋರಿಸುತ್ತವೆ. ಆ ಬಾಣಗಳನ್ನು ಬಿಟ್ಟು ಬರೀ ಗಡಿಯನ್ನು ತೋರಿಸುವ ಭೂಪಟಗಳನ್ನು ಬಹಳ ನೋಡಿದ್ದೇನೆ. ಅವು ಅರ್ಧ ಮಾತ್ರ ಹೇಳುತ್ತವೆ.

ಆದರೆ ಈ ಸಂಪುಟವನ್ನು ಮೆಚ್ಚಲು ಅದಕ್ಕಿಂತ ದೊಡ್ಡ ಕಾರಣವಿದೆ. ಇದರ ಸಂಕೇತ ಪಟ್ಟಿಯಲ್ಲಿ ಗಡಿಗೆ ಮೂರು ರೂಪಗಳಿವೆ. ಅಳೆದು ಕಲ್ಲು ನೆಟ್ಟ ಗಡಿಗೆ ಗಟ್ಟಿ ಗೆರೆ, ಒಪ್ಪಂದದ ಕಾಗದದಲ್ಲಷ್ಟೇ ಇದ್ದ ಗಡಿಗೆ ತುಂಡು ಗೆರೆ, ಗಡಿ ಎಂಬ ಕಲ್ಪನೆಯೇ ಬೇರೆಯಾಗಿದ್ದ ಕಾಲದೇಶಗಳಿಗೆ ಗೆರೆಯೇ ಇಲ್ಲದೆ ಕ್ರಮೇಣ ತೆಳುವಾಗುತ್ತ ಹೋಗುವ ಬಣ್ಣ. ಸಾವಿರ ವರ್ಷ ಹಿಂದಿನ ಸಾಮ್ರಾಜ್ಯಕ್ಕೂ ಇಂದಿನ ರಾಷ್ಟ್ರಕ್ಕೂ ಒಂದೇ ದಪ್ಪದ ಗೆರೆ ಎಳೆಯುವ ಭೂಪಟಗಳನ್ನು ನೋಡುತ್ತ ಬೆಳೆದ ನಮಗೆ ಇದು ಸಣ್ಣ ವಿಷಯವಾಗಿ ಕಾಣಬಹುದು. ಆದರೆ ಗಡಿಗಳು ಅನಾದಿಯಿಂದಲೂ ಹೀಗೆಯೇ ಇದ್ದವು ಎಂಬ ತಪ್ಪು ತಿಳಿವಳಿಕೆ ಬೇರೂರುವುದೇ ಆ ಒಂದೇ ದಪ್ಪದ ಗೆರೆಯಿಂದ.

ಪಿರನೀಸ್ ಪರ್ವತದ ಪುಟ ಇದಕ್ಕೆ ಒಳ್ಳೆಯ ಉದಾಹರಣೆ. 1659ರ ಒಪ್ಪಂದದಲ್ಲಿ ಸ್ಪೇನ್ ಮತ್ತು ಫ್ರಾನ್ಸ್ ಈ ಪರ್ವತವೇ ತಮ್ಮ ನಡುವಿನ ಮೇರೆ ಎಂದು ಒಪ್ಪಿಕೊಂಡವಾದರೂ, ಮರುವರ್ಷ ಸೆರ್ದಾನ್ಯ ಕಣಿವೆಯನ್ನು ಹಂಚುವಾಗ ಫ್ರಾನ್ಸಿಗೆ ಕೊಟ್ಟದ್ದು 33 ಹಳ್ಳಿಗಳನ್ನು. ಲ್ಯೀವಿಯಾ ಹಳ್ಳಿಯಲ್ಲ, ಪಟ್ಟಣ ಎಂಬ ವಾದದ ಮೇಲೆ ಅದು ಸ್ಪೇನಿಗೇ ಉಳಿಯಿತು, ಇಂದಿಗೂ ಸುತ್ತ ಫ್ರಾನ್ಸಿನ ನೆಲದ ನಡುವೆ ಹಾಗೆಯೇ ಇದೆ. ಪರ್ವತಸಾಲಿನ ಉದ್ದಕ್ಕೂ ನಿಖರವಾದ ಗಡಿ ನಿಗದಿಯಾದದ್ದು 1856ರಿಂದ ನಡೆದ ಬಯೋನ್ ಒಪ್ಪಂದಗಳಲ್ಲಿ, ಅಂದರೆ ಸುಮಾರು 200 ವರ್ಷಗಳ ನಂತರ. ಗಡಿಗಲ್ಲುಗಳಿಗೆ ಸಂಖ್ಯೆ ಕೊಟ್ಟದ್ದೂ ಆಗಲೇ, 602ರವರೆಗೆ. ಸಂಪುಟದಲ್ಲಿ ಇದೇ ಪರ್ವತದ ಎರಡು ಭೂಪಟಗಳು ಎದುರುಬದುರಾಗಿವೆ. ಎಡಗಡೆಯದರಲ್ಲಿ ಊರುಗಳಿಗೆ ಮಾತ್ರ ಬಣ್ಣ ಹಚ್ಚಿ ನಡುವಿನ ಜಾಗವನ್ನು ಖಾಲಿ ಬಿಟ್ಟಿದ್ದಾರೆ, ಬಲಗಡೆಯದರಲ್ಲಿ ಕಲ್ಲಿನಿಂದ ಕಲ್ಲಿಗೆ ಗೆರೆ ಹರಿದಿದೆ. ಆಗ್ನೇಯ ಏಷ್ಯಾದ ಪುಟಗಳಲ್ಲಿ, 19ನೆಯ ಶತಮಾನದ ಮೊದಲ ಭಾಗದಲ್ಲಿ ಸಯಾಮ್ (ಇಂದಿನ ಥಾಯ್ಲೆಂಡ್) ಮತ್ತು ವಿಯೆಟ್ನಾಂ ಎರಡಕ್ಕೂ ಕಪ್ಪ ಸಲ್ಲಿಸುತ್ತಿದ್ದ ಕಾಂಬೋಡಿಯಾದ ಮೇಲೆ ಎರಡೂ ಬಣ್ಣಗಳು ಬೆರೆತಿವೆ. ಅಲ್ಲಿ ಯಾವ ಗೆರೆ ಎಳೆದಿದ್ದರೂ ಅದು ಸುಳ್ಳಾಗುತ್ತಿತ್ತು.

ಆಫ್ರಿಕಾದ ಭಾಗದ ಬಗ್ಗೆ ನನಗೆ ಇಷ್ಟು ಸಮಾಧಾನವಿಲ್ಲ. 1884–85ರ ಬರ್ಲಿನ್ ಸಮ್ಮೇಳನದ ಮೇಜಿನ ಮೇಲೆಯೇ ಯುರೋಪಿನ ಶಕ್ತಿಗಳು ಇಡೀ ಖಂಡವನ್ನು ಕತ್ತರಿಸಿದವು ಎಂಬ ಜನಪ್ರಿಯ ನಂಬಿಕೆಯನ್ನು ಸಂಪಾದಕರು ತಿದ್ದಿದ್ದಾರೆ. ಬಹುಪಾಲು ಗಡಿಗಳು ನಂತರದ ದಶಕಗಳ ದ್ವಿಪಕ್ಷೀಯ ಒಪ್ಪಂದಗಳಲ್ಲಿ ಮೂಡಿದವು ಎಂದು ವಿವರಿಸಿ, ಜಾಂಬೆಸಿ ನದಿಯನ್ನು ಮುಟ್ಟಲೆಂದು 1890ರಲ್ಲಿ ಜರ್ಮನಿ ಪಡೆದ, ಇಂದು ನಮೀಬಿಯಾದಲ್ಲಿರುವ ಕ್ಯಾಪ್ರಿವಿ ಪಟ್ಟಿಯನ್ನು ಪ್ರತ್ಯೇಕ ಚೌಕಟ್ಟಿನಲ್ಲಿ ದೊಡ್ಡದಾಗಿ ತೋರಿಸಿದ್ದಾರೆ. ಇಷ್ಟೆಲ್ಲ ಸರಿ. ಆದರೆ 17 ರಾಷ್ಟ್ರಗಳು ಸ್ವತಂತ್ರವಾದ 1960ಕ್ಕೆ ಒಂದೇ ಒಂದು ಪುಟ, ಅದೂ ಎಲ್ಲಕ್ಕೂ ಒಂದೇ ಬಣ್ಣ. ಯಾವ ದೇಶ ಯಾವ ತಿಂಗಳಲ್ಲಿ, ಯಾರಿಂದ ಬಿಡುಗಡೆಯಾಯಿತು ಎಂಬುದು ಇಲ್ಲ. ವಸಾಹತು ಗಡಿಗಳನ್ನು ಬದಲಿಸದೆ ಉಳಿಸಿಕೊಳ್ಳಲು ಆಫ್ರಿಕಾದ ನಾಯಕರು 1964ರಲ್ಲಿ ಕೈರೋದಲ್ಲಿ ಕೈಗೊಂಡ ನಿರ್ಣಯಕ್ಕೆ ಒಂದು ಸಾಲೂ ಸಿಕ್ಕಿಲ್ಲ. ಪೋಲೆಂಡಿಗೆ ಪಾರದರ್ಶಕ ಹಾಳೆ ಹೊಲಿದವರು ಇಲ್ಲಿ ಇನ್ನೆರಡು ಪುಟ ಕೊಡದೇ ಹೋದದ್ದು ನನಗೆ ನಿಜವಾಗಿಯೂ ನೋವು ತಂದಿತು.

ಮುದ್ರಣದ ದೋಷವೂ ಒಂದಿದೆ. 1914ರ ಆಸ್ಟ್ರಿಯಾ–ಹಂಗೇರಿಯನ್ನು ಎರಡು ಪುಟಗಳಿಗೆ ಹರಡಿರುವುದರಿಂದ ವಿಯೆನ್ನಾ ಮತ್ತು ಬುಡಾಪೆಸ್ಟ್ ನಡುವಿನ ಭಾಗವನ್ನು ಹೊಲಿಗೆಯ ಮಡಿಕೆ ನುಂಗಿಬಿಟ್ಟಿದೆ. ಪುಸ್ತಕವನ್ನು ಒತ್ತಿ ಹಿಡಿದರೂ ಅಕ್ಷರಗಳು ಕಾಣುವುದಿಲ್ಲ. ಸ್ಥಳನಾಮ ಸೂಚಿ ಮಾತ್ರ ಅಚ್ಚುಕಟ್ಟಾಗಿದೆ. ಲೆಂಬರ್ಗ್, ಲ್ವೂಫ್, ಲ್ವೋವ್, ಲ್ವೀವ್ ಎಂಬ ನಾಲ್ಕು ಹೆಸರುಗಳಲ್ಲಿ ಯಾವುದನ್ನು ಹುಡುಕಿದರೂ ಅದೇ ಊರಿಗೆ ತಲುಪುತ್ತೀರಿ. ವಿಶ್ವ ಭೂಪಟಗಳಿಗೆ ಭೂಪಟಕಾರ ಮರ್ಕೇಟರ್ 1569ರಲ್ಲಿ ನೌಕಾಯಾನಕ್ಕೆಂದು ರೂಪಿಸಿದ, ಧ್ರುವಗಳ ಕಡೆಯ ನೆಲವನ್ನು ಹಿಗ್ಗಿಸಿ ತೋರಿಸುವ ವಿಧಾನವನ್ನು ಬಿಟ್ಟು ಸಮ ವಿಸ್ತೀರ್ಣದ ವಿಧಾನವನ್ನು ಬಳಸಿರುವುದೂ ಒಳ್ಳೆಯದಾಯಿತು. ಗ್ರೀನ್‌ಲ್ಯಾಂಡ್‌ಗಿಂತ ಆಫ್ರಿಕಾ ಸುಮಾರು 14 ಪಟ್ಟು ದೊಡ್ಡದು ಎಂಬುದು ಕಣ್ಣಿಗೆ ಕಾಣದಿದ್ದರೆ ಸಾಮ್ರಾಜ್ಯಗಳ ಗಾತ್ರವನ್ನು ಹೋಲಿಸುವುದರಲ್ಲಿ ಅರ್ಥವಿಲ್ಲ.

ಕೊನೆಯ ಭಾಗ ವಿವಾದಿತ ಪ್ರದೇಶಗಳದ್ದು. ಅದರಲ್ಲಿ ನಾನು ಮತ್ತೆ ಮತ್ತೆ ತೆರೆಯುವುದು ಈಜಿಪ್ಟ್ ಮತ್ತು ಸುಡಾನ್ ನಡುವಿನ ಚಿಕ್ಕ ಭೂಪಟವನ್ನು. ಈಜಿಪ್ಟ್ 1899ರ ಗಡಿಯನ್ನು ಹಿಡಿದು ಕೂತಿದೆ, ಸುಡಾನ್ 1902ರ ಆಡಳಿತ ಗಡಿಯನ್ನು. ಹೀಗಾಗಿ ಹಲಾಯಿಬ್ ತ್ರಿಕೋನ ಇಬ್ಬರಿಗೂ ಬೇಕು, ಅದರ ಪಕ್ಕದ ಬೀರ್ ತವೀಲ್ ಇಬ್ಬರಿಗೂ ಬೇಡ. ಸುಮಾರು 2,060 ಚದರ ಕಿಲೋಮೀಟರಿನ ಆ ತುಂಡಿಗೆ ಸಂಪಾದಕರು ಯಾವ ಬಣ್ಣವನ್ನೂ ಹಚ್ಚದೆ ಬರಿಯ ಕಾಗದವಾಗಿಯೇ ಬಿಟ್ಟಿದ್ದಾರೆ.

ಇತಿಹಾಸದ ವಿದ್ಯಾರ್ಥಿಗಳಿಗೂ ಶಿಕ್ಷಕರಿಗೂ ಈ ಸಂಪುಟವನ್ನು ನಾನು ಧೈರ್ಯವಾಗಿ ಸೂಚಿಸುತ್ತೇನೆ. ಆದರೆ ಹಳೆಯ ಮುದ್ರಣಗಳೂ ಮಾರಾಟದಲ್ಲಿವೆ, ಆದ್ದರಿಂದ ಕೊಳ್ಳುವ ಮೊದಲು ಕೊನೆಯ ವಿಶ್ವ ಭೂಪಟವನ್ನು ತೆರೆದು ನೋಡಿ. 2011ರ ದಕ್ಷಿಣ ಸುಡಾನ್, 2018ರಲ್ಲಿ ಸ್ವಾಜಿಲ್ಯಾಂಡ್ ಪಡೆದ ಎಸ್ವಾಟಿನಿ ಎಂಬ ಹೆಸರು ಮತ್ತು 2019ರ ಉತ್ತರ ಮ್ಯಾಸಿಡೋನಿಯಾ ಎಂಬ ಹೆಸರು ಮೂರೂ ಇದ್ದರೆ ಮಾತ್ರ ಅದು ಪರಿಷ್ಕೃತ ಮುದ್ರಣ.