ಬೇಸಿಗೆಯಲ್ಲಿ ಶರಾವತಿ ಹಿನ್ನೀರಿನಲ್ಲಿ ದೋಣಿ ಹತ್ತುವ ಮುಂಚೆ ಇದನ್ನು ಓದಿ

ಶಾಲೆಗೆ ರಜೆ ಅಂತ ಏಪ್ರಿಲ್ ಕೊನೆಯಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಹೋಗಿದ್ದೆವು. ನಾನು, ನಮ್ಮ ಮನೆಯವರು, ಒಂಬತ್ತು ವರ್ಷದ ಮಗಳು, ನನ್ನ ತಮ್ಮ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಒಂದು ಸುತ್ತು ಹಾಕಬೇಕು, ತಮ್ಮ ಗಾಳ ಹಾಕಬೇಕು, ಮಗಳು ಹಕ್ಕಿ ನೋಡಬೇಕು. ಇಷ್ಟೇ ಆಸೆ ಇದ್ದದ್ದು.

ದಡದಲ್ಲಿ ಒಬ್ಬರು ಸಣ್ಣ ಮೋಟಾರ್ ದೋಣಿ ಇಟ್ಟುಕೊಂಡು ನಿಂತಿದ್ದರು. ನಾಲ್ಕು ಜನಕ್ಕೆ ಎರಡೇ ಲೈಫ್ ಜಾಕೆಟ್. ಕೇಳಿದ್ದಕ್ಕೆ, "ಈಗ ನೀರು ಕಮ್ಮಿ ಅಕ್ಕಾ, ಏನೂ ಆಗಲ್ಲ" ಅಂದರು. ನಾನು ನಂಬಿದೆ. ಈ ಬರಹ ಬರೆಯುತ್ತಿರುವುದೇ ಆ ಒಂದು ಮಾತಿಗಾಗಿ.

ನೀರು ಕಮ್ಮಿಯಾದಾಗಲೇ ಇಲ್ಲಿ ಅಪಾಯ ಜಾಸ್ತಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಕಾಡು, ಗದ್ದೆ, ಊರು ಎಲ್ಲ ಮುಳುಗಿದವು. 1948ರಲ್ಲಿ ಮಡೆನೂರಿನಲ್ಲಿ ಕಟ್ಟಿದ್ದ ಹಳೆಯ ಅಣೆಕಟ್ಟೇ ಇದರೊಳಗೆ ಮುಳುಗಿದೆ, ನೀರು ತುಂಬಾ ಇಳಿದ ವರ್ಷ ಮೇಲೆ ಕಾಣುತ್ತದೆ. ಹಾಗೇ ಆ ಕಾಡಿನ ಮರದ ಬೊಡ್ಡೆಗಳೂ ಇವೆ. ನೀರಿನಡಿ ಗಾಳಿ ತಾಗದ ಮರ ಬೇಗ ಕೊಳೆಯುವುದಿಲ್ಲ. ಜಲಾಶಯ ಸಮುದ್ರ ಮಟ್ಟದಿಂದ 1819 ಅಡಿಯ ಗರಿಷ್ಠ ಮಟ್ಟಕ್ಕೆ ತುಂಬಿದಾಗ ತುಂಬಾ ಆಳದಲ್ಲಿರುವ ಬೊಡ್ಡೆ, ಬೇಸಿಗೆಯಲ್ಲಿ ನೀರಿನ ಮಟ್ಟದಿಂದ ಒಂದು ಗೇಣು ಕೆಳಗೆ ಬಂದು ನಿಂತಿರುತ್ತದೆ. ಮೇಲಿಂದ ನೋಡಿದರೆ ಏನೂ ಗೊತ್ತಾಗಲ್ಲ.

ವಾಪಸ್ ಬರುವಾಗ ಐದೂವರೆ ಆಗಿತ್ತು. ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು, ಗಾಳಿ ಎದ್ದಿತ್ತು. ದೋಣಿ ವೇಗವಾಗಿಯೇ ಹೋಗುತ್ತಿತ್ತು. ಇದ್ದಕ್ಕಿದ್ದಂತೆ ಧಡ್ ಅಂತ ಸದ್ದು. ಮುಂಭಾಗ ಮೇಲೆದ್ದು ದೋಣಿ ಒಂದು ಮಗ್ಗುಲಿಗೆ ವಾಲಿತು. ತಮ್ಮ ನೀರಿಗೆ ಬಿದ್ದ. ಮಗಳು ಜಾರಿ ಅಂಚಿಗೆ ಬಂದಳು, ನಾನು ಅವಳ ಜಾಕೆಟ್ ಹಿಡಿದೆಳೆದೆ. ಜಾಕೆಟ್ ಮಾತ್ರ ನನ್ನ ಕೈಗೆ ಬಂತು. ಅದು ದೊಡ್ಡವರ ಅಳತೆಯದು. ಮೂರು ಬಕಲ್‌ಗಳಲ್ಲಿ ಎರಡು ಮುರಿದು, ಅಲ್ಲಿ ಪ್ಲಾಸ್ಟಿಕ್ ದಾರ ಕಟ್ಟಿದ್ದರು. ಹತ್ತುವಾಗ ನಾನೇ ಆ ದಾರ ನೋಡಿದ್ದೆ. ಮನೆಯವರು ಅವಳ ತೋಳು ಹಿಡಿಯದೇ ಇದ್ದಿದ್ದರೆ ಏನಾಗುತ್ತಿತ್ತೋ, ಈಗಲೂ ನೆನೆಸಿಕೊಂಡರೆ ಕೈ ನಡುಗುತ್ತದೆ.

ತಮ್ಮನಿಗೆ ಈಜು ಬರುವುದಿಲ್ಲ. ನಮ್ಮ ದೋಣಿಗೆ ಹೊಡೆದ ಬೊಡ್ಡೆಯನ್ನೇ ತಬ್ಬಿಕೊಂಡು ನಿಂತಿದ್ದ. ಬಲೆ ಬಿಡಲು ಬಂದಿದ್ದ ಮೀನುಗಾರರಿಬ್ಬರು ತೆಪ್ಪದಲ್ಲಿ ಬಂದು ಎತ್ತಿಕೊಂಡರು. ಅವನ ಎದೆ, ಕೈಯೆಲ್ಲ ತರಚಿ ರಕ್ತ. ಅವರು ಬೈಯಲಿಲ್ಲ. "ಈ ತಿಂಗಳಲ್ಲಿ ಇಲ್ಲಿ ನಾವೇ ಮೋಟಾರ್ ಓಡಿಸಲ್ಲ" ಅಂತಷ್ಟೇ ಅಂದರು. ಆ ಇಬ್ಬರ ಋಣ ನಮ್ಮ ಮೇಲಿದೆ.

ದಡಕ್ಕೆ ಬಂದ ಮೇಲೂ ಮುಗಿಯಲಿಲ್ಲ. ನೀರು ಇಳಿದ ಜಾಗ ಒಣಗಿ ಬಿರುಕು ಬಿಟ್ಟ ನೆಲದ ಹಾಗೆ ಕಾಣುತ್ತದೆ. ಕಾಲಿಟ್ಟರೆ ಮೊಣಕಾಲಿನವರೆಗೂ ಹೂಳು. ಮಕ್ಕಳನ್ನು ಅಲ್ಲಿ ಓಡಲು ಬಿಡಬೇಡಿ. ಗಾಳ ಹಾಕುವವರೂ ಅಂಚಿಗೆ ಹೋಗಬೇಡಿ, ಗಟ್ಟಿ ಬಂಡೆ ಇರುವ ಕಡೆ ಕೂತುಕೊಳ್ಳಿ.

ಶರಾವತಿಗೆ ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ಅಷ್ಟು ಚೆಂದದ ನೀರು, ಅಷ್ಟು ಹಸಿರು ನಡುಗಡ್ಡೆಗಳು ಇನ್ನೆಲ್ಲಿವೆ? ಆದರೆ ತಲೆಗೊಂದು ಜಾಕೆಟ್ ಇಲ್ಲ ಅಂದರೆ ದೋಣಿ ಹತ್ತಬೇಡಿ. ಬಕಲ್ ಹಾಕಿ, ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿ. ಕಿವಿಯವರೆಗೆ ಬಂದರೆ ಅದು ಮಗುವಿಗೆ ಆಗುವುದಿಲ್ಲ. ಬೇಸಿಗೆಯಾದರೆ ಬೆಳಿಗ್ಗೆಯೇ ಹೋಗಿ, ನಿಧಾನ ಓಡಿಸಿ ಅಂತ ಮೊದಲೇ ಹೇಳಿ. ಯಾರಾದರೂ "ನೀರು ಕಮ್ಮಿ, ಏನೂ ಆಗಲ್ಲ" ಅಂದರೆ ಅಲ್ಲಿಂದಲೇ ತಿರುಗಿ ಬನ್ನಿ.