ಪಿಎಚ್‌ಪಿ 8ಕ್ಕೆ ಸರ್ವರ್ ಬದಲಿಸುವವರ ಗಮನಕ್ಕೆ: ಎರರ್ ಬರಲಿಲ್ಲವೆಂದು ನಿಶ್ಚಿಂತರಾಗಬೇಡಿ

ಪಿಎಚ್‌ಪಿ ಎಂಬ, ಜಾಲತಾಣಗಳಿಗೆ ಬಳಸುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಹಳೆಯ ತಂತ್ರಾಂಶದಲ್ಲಿ ಕನ್ನಡದ ಹೆಸರು, ವಿಳಾಸಗಳನ್ನು ಇಟ್ಟುಕೊಂಡಿರುವವರೆಲ್ಲರೂ ಇದನ್ನು ದಯವಿಟ್ಟು ಓದಬೇಕು. ನಾನು ನೋಡಿಕೊಳ್ಳುವ ಮಾಸಪತ್ರಿಕೆಯೊಂದರ ಚಂದಾದಾರರ ತಂತ್ರಾಂಶವಿದ್ದ ಸರ್ವರನ್ನು ಹೋಸ್ಟಿಂಗ್ ಸಂಸ್ಥೆಯವರು ಪಿಎಚ್‌ಪಿಯ 7.4ನೇ ಆವೃತ್ತಿಯಿಂದ 8.0ಕ್ಕೆ ಏರಿಸಿ, ಪರೀಕ್ಷೆಯಲ್ಲಿ ಯಾವ ತೊಂದರೆಯೂ ಕಾಣಲಿಲ್ಲ ಎಂದು ತಿಳಿಸಿದರು. ಆ ತಿಂಗಳ ವಿಳಾಸದ ಚೀಟಿಗಳಲ್ಲಿ ಉಡುಪಿ, ಹಾಸನ, ಮೈಸೂರು ಸರಿಯಾಗಿಯೇ ಮುದ್ರಣವಾಗಿದ್ದವು. ಬೆಂಗಳೂರು, ಶಿವಮೊಗ್ಗ, ಚಿಕ್ಕಮಗಳೂರು ಇರಬೇಕಾದ ಜಾಗ ಮಾತ್ರ ಖಾಲಿಯಾಗಿತ್ತು. ಪಿನ್‌ಕೋಡ್ ಇದ್ದುದರಿಂದ ಹಲವು ಪ್ರತಿಗಳು ಹೇಗೋ ತಲುಪಿದವು, ಕೆಲವು ಅಂಚೆಯಿಂದ ಹಿಂದಕ್ಕೆ ಬಂದವು. ತಪ್ಪುಗಳು ದಾಖಲಾಗುವ ಎರರ್ ಲಾಗ್‌ನಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಪಠ್ಯದ ಒಂದು ಭಾಗವನ್ನು ಕತ್ತರಿಸಿಕೊಡುವ ಪಿಎಚ್‌ಪಿಯ ಸಬ್‌ಸ್ಟ್ರ್ ಫಂಕ್ಷನ್ (ಭಾಷೆಯಲ್ಲೇ ಇರುವ ಸಿದ್ಧ ಆದೇಶ) ಅಕ್ಷರಗಳನ್ನು ಎಣಿಸುವುದಿಲ್ಲ, ಅವನ್ನು ಶೇಖರಿಸುವ ಬೈಟ್‌ಗಳನ್ನು ಎಣಿಸುತ್ತದೆ. ಹಿಂದೆ, ಅಕ್ಷರಕ್ಕೆ ಹಲವು ಬೈಟ್ ಬೇಕಾಗುವ ಲಿಪಿಗಳಿಗಾಗಿ ಇರುವ ಎಂಬಿಸ್ಟ್ರಿಂಗ್ ವಿಸ್ತರಣೆಯಲ್ಲಿ ಫಂಕ್ ಓವರ್‌ಲೋಡ್ ಎಂಬ ಸೆಟ್ಟಿಂಗ್ ಇತ್ತು; ಅದನ್ನು ಚಾಲೂ ಮಾಡಿದರೆ ಅದೇ ಸಬ್‌ಸ್ಟ್ರ್, ಪಠ್ಯದ ಉದ್ದ ಹೇಳುವ ಅದೇ ಸ್ಟ್ರ್‌ಲೆನ್ ಬೈಟ್‌ಗಳ ಬದಲು ಯೂನಿಕೋಡ್ ಸಂಕೇತಗಳನ್ನು (ಅಕ್ಷರ, ಸ್ವರಚಿಹ್ನೆ, ಒತ್ತಿಗೆ ಬೇಕಾದ ಹಲಂತಚಿಹ್ನೆ ಪ್ರತಿಯೊಂದೂ ಒಂದು ಸಂಕೇತ) ಎಣಿಸುತ್ತಿದ್ದವು. ನಮ್ಮ ಸರ್ವರ್‌ನಲ್ಲಿ ಅದು ಚಾಲೂ ಇತ್ತು, 8.0ರಲ್ಲಿ ಅದನ್ನು ತೆಗೆದುಹಾಕಲಾಯಿತು. ಚೀಟಿಯಲ್ಲಿ ಊರಿನ ಹೆಸರಿಗೆ 20ರ ಮಿತಿ ಇತ್ತು. ಚಿಕ್ಕಮಗಳೂರು ಎಂಬುದರಲ್ಲಿ 11 ಸಂಕೇತಗಳಿವೆ. ಯೂನಿಕೋಡ್ ಪಠ್ಯವನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕಾದ್ದರಿಂದ ಒಟ್ಟು 33 ಬೈಟ್. ಇಪ್ಪತ್ತನೆಯ ಬೈಟ್‌ಗೆ ಕತ್ತರಿಸಿದಾಗ ‘ಚಿಕ್ಕಮ’ ಉಳಿದು, ‘ಗ’ಕಾರದ ಎರಡು ಬೈಟ್‌ಗಳು ಬಾಲದಂತೆ ಅಂಟಿಕೊಂಡವು. ಮುಂದೆ ಅದನ್ನು ಪಡೆದದ್ದು, ಪಠ್ಯವನ್ನು ವೆಬ್‌ಪುಟಕ್ಕೆ ಸುರಕ್ಷಿತವಾಗಿಸುವ ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ ಎಂಬ ಫಂಕ್ಷನ್; ಅದು ಹೀಗೆ ಮುರಿದ ಪಠ್ಯ ಸಿಕ್ಕರೆ 8.0ರಲ್ಲಿ ಇಡೀ ಹೆಸರನ್ನೇ ಬಿಟ್ಟು ಖಾಲಿ ಸ್ಟ್ರಿಂಗ್ (ಪಠ್ಯ) ಕೊಡುತ್ತದೆ. ಮೈಸೂರಿನಲ್ಲಿರುವುದು 6 ಸಂಕೇತ, 18 ಬೈಟ್, ಹಾಗಾಗಿ ಅದು ಉಳಿಯಿತು. ಹೋಸ್ಟಿಂಗ್‌ನವರ ಪರೀಕ್ಷೆಯಲ್ಲಿದ್ದುದು ಇಂಗ್ಲಿಷ್ ಹೆಸರುಗಳು, ಅಕ್ಷರಕ್ಕೆ ಒಂದೇ ಬೈಟ್. ಅಲ್ಲಿ ಏನೂ ಕಾಣಿಸಿಕೊಳ್ಳುವಂತಿರಲಿಲ್ಲ.

ಆ ಸೆಟ್ಟಿಂಗನ್ನು ತೆಗೆದದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಒಂದು ಫಂಕ್ಷನ್‌ನ ಅರ್ಥ ಸರ್ವರ್‌ನಿಂದ ಸರ್ವರ್‌ಗೆ ಬದಲಾಗುವ ವ್ಯವಸ್ಥೆ ಮೊದಲಿನಿಂದಲೂ ಅಪಾಯಕಾರಿಯೇ ಆಗಿತ್ತು. 2017ರ ನವೆಂಬರ್‌ನಲ್ಲಿ ಬಂದ 7.2ರಿಂದಲೇ ಎಚ್ಚರಿಕೆಯ ಸೂಚನೆಯೂ ಇತ್ತು, 8.0 ಬಂದದ್ದು 2020ರ ನವೆಂಬರ್‌ನಲ್ಲಿ. ಆದರೆ ಆ ಸೂಚನೆ ಬರುತ್ತಿದ್ದುದು ಪಿಎಚ್‌ಪಿ ಚಾಲೂ ಆಗುವ ಹೊತ್ತಿಗೆ. ಹಂಚಿಕೆಯ ಹೋಸ್ಟಿಂಗ್‌ನಲ್ಲಿ ಅದನ್ನು ನೋಡಬಲ್ಲವರು ಸರ್ವರ್ ನಡೆಸುವವರು ಮಾತ್ರ.

ಭಾಷೆಯೊಂದನ್ನು ಶುಚಿಗೊಳಿಸುವಾಗ ಫಂಕ್ಷನ್ ತೆಗೆದುಹಾಕುವುದಕ್ಕಿಂತ, ಹೆಸರನ್ನು ಹಾಗೆಯೇ ಉಳಿಸಿ ಫಲಿತವನ್ನು ಬದಲಿಸುವುದೇ ಹೆಚ್ಚು ಹಾನಿಕರ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದೇ 8.0ರಲ್ಲಿ ಈಚ್, ಕ್ರಿಯೇಟ್-ಫಂಕ್ಷನ್ ಎಂಬ ಎರಡು ಫಂಕ್ಷನ್‌ಗಳೂ ಹೋದವು. ಅವುಗಳನ್ನು ಕರೆದಲ್ಲಿ ಪ್ರೋಗ್ರಾಂ ನಿಂತೇಬಿಡುತ್ತದೆ, ತಪ್ಪಿದ ಸಾಲು ಕೂಡಲೇ ಸಿಗುತ್ತದೆ. ಪಟ್ಟಿಯ ಅಂಶಗಳನ್ನು ಒಂದೇ ಪಠ್ಯವಾಗಿ ಜೋಡಿಸುವ ಇಂಪ್ಲೋಡ್‌ಗೆ ಆರ್ಗ್ಯುಮೆಂಟ್‌ಗಳನ್ನು (ಒಪ್ಪಿಸುವ ಮೌಲ್ಯಗಳನ್ನು) ಹಿಂದುಮುಂದಾಗಿ ಕೊಡುವ ಹಳೆಯ ರೂಢಿಗೆ 7.4ರಲ್ಲಿ ಎಚ್ಚರಿಕೆ ಕೊಟ್ಟು, 8.0ರಲ್ಲಿ ಅದನ್ನು ನಿಲ್ಲಿಸಿದರು. ಇದು ಸರಿಯಾದ ಕ್ರಮ. ಪಠ್ಯದೊಳಗೆ ಹುಡುಕಿಕೊಡುವ ಸ್ಟ್ರ್‌ಪಾಸ್‌ನಲ್ಲಿ ಹುಡುಕುವ ಜಾಗ ಮೊದಲು, ಪಟ್ಟಿಯೊಳಗೆ ಹುಡುಕಿಕೊಡುವ ಇನ್-ಅರೇಯಲ್ಲಿ ಹುಡುಕುವ ವಸ್ತು ಮೊದಲು ಎಂಬ ಅಸ್ತವ್ಯಸ್ತವನ್ನು ಇಂದಿಗೂ ಮುಟ್ಟದೆ, ಸ್ಟ್ರ್-ಕಂಟೇನ್ಸ್‌ನಂಥ ಹೊಸ ಹೆಸರುಗಳನ್ನು ಸೇರಿಸಿದ್ದು ಇನ್ನೂ ಒಳ್ಳೆಯ ಕ್ರಮ. ಇದಕ್ಕೆ ವಿರುದ್ಧವಾಗಿ, ಸೊನ್ನೆಯನ್ನು ಅಕ್ಷರಗಳಷ್ಟೇ ಇರುವ ಸ್ಟ್ರಿಂಗ್‌ಗೆ ಎರಡು ಸಮಚಿಹ್ನೆಯಿಂದ (==) ಹೋಲಿಸಿದರೆ 7.4ರವರೆಗೆ ‘ಸಮ’ ಎಂದು, 8.0ರಿಂದ ‘ಸಮವಲ್ಲ’ ಎಂದು ಉತ್ತರ ಬರುತ್ತದೆ. ಹೊಸ ಉತ್ತರವೇ ಸರಿ, ಆದರೆ ಬದಲಾವಣೆ ಸದ್ದಿಲ್ಲದೆ ಆಗುತ್ತದೆ.

ಆದ್ದರಿಂದ ಒಪ್ಪಿಗೆ ಕೊಡುವ ಮುನ್ನ, ಈಗಿರುವ ಸರ್ವರ್‌ನಲ್ಲಿ ಫಂಕ್ ಓವರ್‌ಲೋಡ್‌ನ ಮೌಲ್ಯವೇನೆಂದು ಹೋಸ್ಟಿಂಗ್‌ನವರಿಂದ ಲಿಖಿತವಾಗಿ ಕೇಳಿ ಪಡೆಯಿರಿ. ಅದು ಸೊನ್ನೆಯಲ್ಲದಿದ್ದರೆ (ಸೊನ್ನೆಯೆಂದರೆ ಚಾಲೂ ಇಲ್ಲ) ಸಬ್‌ಸ್ಟ್ರ್, ಸ್ಟ್ರ್‌ಲೆನ್, ಸ್ಟ್ರ್‌ಪಾಸ್ ಇರುವ ಪ್ರತಿ ಸಾಲನ್ನೂ ಹುಡುಕಿ, ಪಠ್ಯವನ್ನು ನಿಭಾಯಿಸುವ ಕಡೆಗಳಲ್ಲೆಲ್ಲ ಎಂಬಿ ಎಂದು ಆರಂಭವಾಗುವ ರೂಪಗಳನ್ನು ಬರೆಯಿರಿ. ಅವು ಹಳೆಯ ಆವೃತ್ತಿಯಲ್ಲೂ ಕೆಲಸ ಮಾಡುವುದರಿಂದ ಈ ತಿದ್ದುಪಡಿಯನ್ನು ಸರ್ವರ್ ಬದಲಿಸುವ ಮೊದಲೇ ಮುಗಿಸಬಹುದು. ಪರೀಕ್ಷೆಗೆ ಒತ್ತಕ್ಷರಗಳಿರುವ ಉದ್ದನೆಯ ಕನ್ನಡ ಹೆಸರುಗಳನ್ನೇ ಕೊಡಿ, ಹಳೆಯ ಮತ್ತು ಹೊಸ ಸರ್ವರ್‌ಗಳ ಮುದ್ರಿತ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿ.