ಹಳೆ ಲ್ಯಾಪ್‌ಟಾಪಿಗೆ ವಿಂಡೋಸ್ ತೆಗೆದು ಲಿನಕ್ಸ್ ಮಿಂಟ್ ಹಾಕಿ ಎರಡು ತಿಂಗಳಾಯ್ತು

ನಮ್ಮ ಮನೆ ಲ್ಯಾಪ್‌ಟಾಪಿಗೆ ಒಂಬತ್ತು ವರ್ಷ. 2016ರಲ್ಲಿ ತಗೊಂಡಿದ್ದು. ಆರನೇ ತಲೆಮಾರಿನ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್, ಒಂದು ಟಿಬಿ ಹಾರ್ಡ್ ಡಿಸ್ಕ್. ಕೀಬೋರ್ಡಿನ ಮೇಲೆ ‘ಎ’ ಅಕ್ಷರ ಸವೆದುಹೋಗಿದೆ, ಮುಚ್ಚಳ ತೆಗೆದರೆ ಹಳೆ ಮನೆ ಬಾಗಿಲಿನ ಹಾಗೆ ಕಿರುಗುಟ್ಟುತ್ತದೆ. ಅಷ್ಟು ಬಿಟ್ಟರೆ ಗುಂಡುಕಲ್ಲಿನ ಹಾಗಿದೆ.

ಸೆಪ್ಟೆಂಬರಿನಲ್ಲಿ ಒಂದು ದಿನ ಅಪ್ಪ ಕೂಗಿ ಕರೆದರು. "ಬಾರೋ ಇಲ್ಲಿ, ಸ್ಕ್ರೀನ್ ತುಂಬಾ ಇಂಗ್ಲಿಷಲ್ಲಿ ಏನೋ ಬಂದು ಕೂತಿದೆ. ವೈರಸ್ಸಾ?" ವೈರಸ್ ಅಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯುತ್ತದೆ ಅನ್ನೋ ನೋಟಿಸು. ಇದ್ದರೆ ಇರಲಿ ಬಿಡಿ ಅಂದೆ. ಅವರು ಬಿಡಲಿಲ್ಲ. ಪೆನ್ಶನ್ ಬರುವ ಬ್ಯಾಂಕಿನ ಖಾತೆಯನ್ನು ಅದರಲ್ಲೇ ನೋಡುವುದಲ್ವಾ!

ಬೆಂಬಲ ಮುಗಿಯಿತು ಅಂದರೆ ಮಾರನೇ ದಿನ ಕಂಪ್ಯೂಟರ್ ಆನ್ ಆಗುವುದಿಲ್ಲ ಅಂತ ಅಲ್ಲ. ಎಂದಿನಂತೆ ನಡೆಯುತ್ತದೆ. ಹೊಸದಾಗಿ ಕಂಡುಬಂದ ಸುರಕ್ಷತೆಯ ತೂತುಗಳಿಗೆ ತೇಪೆ ಹಾಕುವವರು ಇರುವುದಿಲ್ಲ, ಅಷ್ಟೇ. ನಿಜವಾದ ಕಷ್ಟ ಬರುವುದು ಬ್ರೌಸರ್ ಕೈಬಿಟ್ಟ ಮೇಲೆ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಬೆಂಬಲ ನಿಂತಿತ್ತು, ಆದರೂ ಕ್ರೋಮ್ 2023ರ ಜನವರಿವರೆಗೆ ಜೊತೆಗಿತ್ತು, 109ನೇ ಆವೃತ್ತಿಯೇ ಅದಕ್ಕೆ ಕೊನೆಯದಾಯಿತು. ಹಾಗಾಗಿ ಅಕ್ಟೋಬರ್ 15ರ ಬೆಳಿಗ್ಗೆ ಎದ್ದು ಗಾಬರಿ ಬೀಳುವಂಥದ್ದೇನೂ ಇರಲಿಲ್ಲ. ಆದರೆ ಬ್ಯಾಂಕಿನ ಕೆಲಸ ಮಾಡುವ ಗಣಕವನ್ನು ತೇಪೆಯಿಲ್ಲದೆ ವರ್ಷಗಟ್ಟಲೆ ಓಡಿಸುವುದೂ ನನಗೆ ಸರಿ ಅನ್ನಿಸಲಿಲ್ಲ.

ಮೊದಲು ವಿಂಡೋಸ್ 11 ಬರುತ್ತದಾ ನೋಡಿದೆ. ಮೈಕ್ರೋಸಾಫ್ಟಿನದೇ ‘ಪಿಸಿ ಹೆಲ್ತ್ ಚೆಕ್’ ಅಂತ ಆ್ಯಪ್ ಇದೆ. ಹಾಕಿ ಒತ್ತಿದೆ. ರ‍್ಯಾಮ್ ಸರಿ, ಜಾಗ ಸರಿ, ಸೆಕ್ಯೂರ್ ಬೂಟ್ ಸರಿ, ಎಲ್ಲರೂ ತಲೆ ಕೆಡಿಸಿಕೊಳ್ಳುವ ಆ ಟಿಪಿಎಂ 2.0 (ಗುಟ್ಟಿನ ಕೀಲಿಗಳನ್ನು ಕಾಪಾಡುವ ಸುರಕ್ಷತೆಯ ಭಾಗ) ಕೂಡ ಸರಿ. ಪ್ರೊಸೆಸರ್ ಹತ್ತಿರ ಬಂದು ಕೆಂಪು ಗುರುತು. ಇಂಟೆಲ್ ಆದರೆ ಎಂಟನೇ ತಲೆಮಾರು, ಅಂದರೆ ಹೆಚ್ಚುಕಮ್ಮಿ 2017ರ ಕೊನೆಯಿಂದ ಈಚಿನದು ಇರಬೇಕು. ಏಳನೆಯದರಲ್ಲಿ ಬೆರಳೆಣಿಕೆಯಷ್ಟಕ್ಕೆ ಮಾತ್ರ ವಿನಾಯಿತಿ. ನಮ್ಮದು ಆರು. ಸರತಿಯಲ್ಲಿ ನಿಂತು ಕಿಟಕಿ ಹತ್ತಿರ ಬಂದಾಗ "ಊಟದ ಸಮಯ" ಅಂತ ಬಾಗಿಲು ಹಾಕಿದ ಹಾಗಾಯ್ತು.

ಬೆಂಗಳೂರಿಗೆ ಹೋದಾಗ ಲ್ಯಾಪ್‌ಟಾಪನ್ನು ಎಸ್‌ಪಿ ರೋಡಿಗೆ ತಗೊಂಡು ಹೋದೆ. ಮೊದಲು ಹೊಕ್ಕ ಅಂಗಡಿಯವರು ಮುಚ್ಚಳ ಕೂಡ ತೆಗೆದು ನೋಡಲಿಲ್ಲ. "ಸರ್, ಇದು ವೇಸ್ಟು, ಎಕ್ಸ್‌ಚೇಂಜಿಗೆ ಕೊಡಿ, ಸಾವಿರದೈನೂರು ಹಾಕಿಕೊಡ್ತೀನಿ" ಅಂದರು. ಹೊಸದಕ್ಕೆ ನಲವತ್ತೈದು ಸಾವಿರದಿಂದ ಶುರು. ಎದುರು ಸಾಲಿನಲ್ಲಿ ರಿಪೇರಿ ಮಾಡುವ ಹುಡುಗನೊಬ್ಬ ಸ್ಟೂಲ್ ಹಾಕಿಕೊಂಡು ಕೂತಿದ್ದ. ಅವನು ಹಿಂಬದಿಯ ತಿರುಪುಗಳನ್ನೆಲ್ಲ ಬಿಚ್ಚಿದ, ಆದರೂ ತಟ್ಟೆ ಬರಲಿಲ್ಲ. ರಬ್ಬರ್ ಕಾಲನ್ನು ಉಗುರಿನಿಂದ ಎಬ್ಬಿಸಿದ, ಅದರ ಕೆಳಗೆ ಇನ್ನೊಂದು ತಿರುಪು ಅಡಗಿ ಕೂತಿತ್ತು. ಒಳಗೆ ಫ್ಯಾನಿಗೆ ಕಂಬಳಿ ಹೊದಿಸಿದ ಹಾಗೆ ಧೂಳು. ಬ್ರಷ್ ಹೊಡೆದು, ಹಾರ್ಡ್ ಡಿಸ್ಕ್ ತೆಗೆದು, ಅದಕ್ಕಿಂತ ವೇಗದ, ತಿರುಗುವ ಭಾಗವಿಲ್ಲದ 256 ಜಿಬಿಯ ಎಸ್‌ಎಸ್‌ಡಿ ಕೂರಿಸಿದ. ಎಸ್‌ಎಸ್‌ಡಿಗೆ 2,100, ಕೈಕೆಲಸಕ್ಕೆ 300. ಹಳೆ ಡಿಸ್ಕನ್ನು ಒಂದು ಪೆಟ್ಟಿಗೆಗೆ ಹಾಕಿ ಯುಎಸ್‌ಬಿ ತಂತಿ ಕೊಟ್ಟ, ಅದಕ್ಕೆ 350.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ನಿಮ್ಮ ಗಣಕದಲ್ಲಿ ಇನ್ನೂ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ, ಯಾವ ವಿಂಡೋಸ್ ಹಾಕಬೇಕು, ಯಾವ ಲಿನಕ್ಸ್ (ವಿಂಡೋಸಿನ ಬದಲಿಗೆ ಹಾಕಬಹುದಾದ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಹಾಕಬೇಕು ಅನ್ನೋದೆಲ್ಲ ಆಮೇಲಿನ ಮಾತು. ಮೊದಲು ಎಸ್‌ಎಸ್‌ಡಿ ಹಾಕಿಸಿ. ಮೂರು ನಿಮಿಷ ಕಾಯಿಸುತ್ತಿದ್ದ ಯಂತ್ರ ಇಪ್ಪತ್ತು ಸೆಕೆಂಡಿಗೆ ಎದ್ದು ಕೂತಿತು, ಇನ್ನೂ ಅದೇ ವಿಂಡೋಸ್ 10 ಇರುವಾಗಲೇ. ಹಳೆಯದಾಯ್ತು, ಸ್ಲೋ ಆಯ್ತು ಅಂತ ನಾನು ಬೈದುಕೊಂಡಿದ್ದೆಲ್ಲ ಆ ಒಂದು ಡಿಸ್ಕಿನ ಪಾಪ.

ಆಮೇಲೆ ಸ್ವಲ್ಪ ಚಪಲ ಹತ್ತಿತು. ರೂಫಸ್ ಅಂತ ಒಂದು ಪುಟ್ಟ ಆ್ಯಪ್ ಇದೆ, ಅದರಲ್ಲಿ ಪೆನ್‌ಡ್ರೈವ್ ಮಾಡುವಾಗ ವಿಂಡೋಸ್ 11ರ ಷರತ್ತುಗಳನ್ನು ತೆಗೆದುಹಾಕುವ ಆಯ್ಕೆ ಬರುತ್ತದೆ. ಟಿಕ್ ಹಾಕಿ ಇನ್‌ಸ್ಟಾಲ್ ಮಾಡಿದೆ. ಆಯ್ತು. ನಡೆಯಿತು ಕೂಡ, ಸುಳ್ಳು ಹೇಳಬಾರದು. ಸುಮ್ನೆ ಆನ್ ಮಾಡಿ ಬಿಟ್ಟರೆ ಮೂರೂವರೆ ಜಿಬಿ ರ‍್ಯಾಮ್ ತಿನ್ನುತ್ತಿತ್ತು, ಬ್ರೌಸರಿನಲ್ಲಿ ಆರು ಟ್ಯಾಬ್ ತೆಗೆದರೆ ಫ್ಯಾನು ಊದಲು ಶುರು. ಆದರೆ ಆರು ದಿನಕ್ಕೆ ತೆಗೆದುಬಿಟ್ಟೆ. ಯಾಕೆಂದರೆ ಇಂಥ ಯಂತ್ರಗಳಿಗೆ ಅಪ್‌ಡೇಟ್ ಕೊಡುವ ಹೊಣೆ ನಮ್ಮದಲ್ಲ ಅಂತ ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ತಿಂಗಳ ಅಪ್‌ಡೇಟ್ ಸಾಮಾನ್ಯವಾಗಿ ಬರುತ್ತದೆ, ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿಯನ್ನು ಮಾತ್ರ ಮತ್ತೆ ಪೆನ್‌ಡ್ರೈವ್ ಹಿಡಿದು ನಾವೇ ಹಾಕಬೇಕು. ಇನ್ನೂ ಹಳೆಯ ಪ್ರೊಸೆಸರ್ ಇದ್ದವರಿಗೆ ಅದೂ ಇಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಕೆಲವು ಹೊಸ ಆದೇಶಗಳು (ಇನ್‌ಸ್ಟ್ರಕ್ಷನ್) ಪ್ರೊಸೆಸರಿಗೆ ಅರ್ಥ ಆಗದಿದ್ದರೆ ಬೂಟೇ ಆಗುವುದಿಲ್ಲ, ಯಾವ ಟಿಕ್ ಹಾಕಿದರೂ ಅಷ್ಟೇ. ನನ್ನದೇ ಯಂತ್ರ ಆಗಿದ್ದರೆ ಆಟ ಆಡುತ್ತಿದ್ದೆ. ಅಪ್ಪನ ಕೈಗೆ ಕೊಡುವುದಕ್ಕೆ ಹಿಂದಿನ ಬಾಗಿಲಿನಿಂದ ನುಗ್ಗಿಸಿದ್ದು ಯಾಕೆ?

ಹೀಗೆ ಲಿನಕ್ಸ್ ಮಿಂಟ್‌ಗೆ ಬಂದೆ. 22.2, ಸಿನಮನ್ ಆವೃತ್ತಿ. ಪುಕ್ಕಟೆ. 22ರ ಸರಣಿಗೆ 2029ರವರೆಗೆ ಬೆಂಬಲ ಇದೆ. ಸುಮಾರು ಮೂರು ಜಿಬಿಯ ಫೈಲು, ಇಳಿಸಿ ಪೆನ್‌ಡ್ರೈವಿಗೆ ಹಾಕಿದರೆ ಇನ್‌ಸ್ಟಾಲ್ ಮಾಡದೆಯೇ ಓಡಿಸಿ ನೋಡಬಹುದು. ಇದು ದೊಡ್ಡ ಅನುಕೂಲ. ವೈಫೈ ಹತ್ತುತ್ತದಾ, ಸೌಂಡ್ ಬರುತ್ತದಾ, ಕ್ಯಾಮೆರಾ ಕಾಣುತ್ತದಾ, ಎಲ್ಲ ಹತ್ತು ನಿಮಿಷದಲ್ಲಿ ಗೊತ್ತಾಯಿತು. ಹಾಕಿದ್ದು ಇಪ್ಪತ್ತು ನಿಮಿಷದ ಕೆಲಸ. ಕೆಳಗಡೆ ಪಟ್ಟಿ, ಎಡಕ್ಕೆ ಮೆನು, ಬಲಕ್ಕೆ ಗಡಿಯಾರ. ಅಪ್ಪ ಮೊದಲ ದಿನ ಕೂತು ಬ್ರೌಸರ್ ತೆಗೆದು ಪೇಪರ್ ಓದಿ ಎದ್ದು ಹೋದರು, ಬದಲಾಗಿದೆ ಅಂತಲೇ ಅವರ ಗಮನಕ್ಕೆ ಬಂದಿರಲಿಲ್ಲ. ರ‍್ಯಾಮ್ ನೋಡಿದೆ, ಸುಮ್ಮನಿದ್ದಾಗ ಒಂದೂಕಾಲು ಜಿಬಿ. ಫ್ಯಾನಿನ ಸದ್ದೇ ಇಲ್ಲ.

ಕನ್ನಡ ಓದುವುದಕ್ಕೆ ಏನೂ ಮಾಡಬೇಕಿಲ್ಲ, ಫಾಂಟು ಬಂದೇ ಇರುತ್ತದೆ, ಒತ್ತಕ್ಷರ ಚೆನ್ನಾಗಿ ಕೂರುತ್ತದೆ. ಬರೆಯುವುದೇ ನನ್ನ ಚಿಂತೆಯಾಗಿತ್ತು. ನನ್ನ ಬೆರಳು ನುಡಿ ತಂತ್ರಾಂಶದ ಕೀಲಿಮಣೆಗೆ ಒಗ್ಗಿದೆ, ಕೆ.ಪಿ. ರಾವ್ ಅವರ ವಿನ್ಯಾಸ ಅದು. ಮಿಂಟ್‌ನ ಕೀಬೋರ್ಡ್ ಪಟ್ಟಿಯಲ್ಲೇ ಕನ್ನಡ ಕಗಪ ಅಂತ ಒಂದು ಇದೆ, ಆದರೆ ನನಗೆ ಸರಿಹೋಗಿದ್ದು ಇನ್ನೊಂದು ದಾರಿ. ಐಬಸ್-ಎಂ17ಎನ್ ಅನ್ನೋ, ಬೇರೆ ಬೇರೆ ಭಾಷೆ ಟೈಪ್ ಮಾಡಲು ಬಿಡುವ ಪ್ಯಾಕೇಜ್ ಹಾಕಿ, ಇನ್‌ಪುಟ್ ಮೆಥಡ್ ಅನ್ನುವಲ್ಲಿ ಐಬಸ್ ಆರಿಸಿ, ಒಮ್ಮೆ ಲಾಗ್ ಔಟ್ ಆಗಿ ಬಂದು, ಕನ್ನಡದ ಕೆಳಗೆ ಕೆಜಿಪಿ (ಅಂದರೆ ಕಗಪ) ಸೇರಿಸಿಕೊಂಡೆ. ಖಾಲಿ ಫೈಲ್ ತೆಗೆದು ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿದೆ. ‘ಕನ್ನಡ’ ಅಂತ ಬಂತು. ಅಷ್ಟು ಹೊತ್ತು ಬಿಗಿ ಹಿಡಿದಿದ್ದ ಉಸಿರು ಬಿಟ್ಟೆ, ನಿಜವಾಗಿ. ಇನ್‌ಸ್ಟಾಲ್ ಮಾಡುವಾಗ ಭಾಷೆ ಕನ್ನಡ ಅಂತಲೂ ಆರಿಸಬಹುದು, ನಾನು ನೋಡಿದೆ, ಮೆನು ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಆಗಿ ಕಲಸುಮೇಲೋಗರ ಆಗುತ್ತದೆ. ಇಂಗ್ಲಿಷಿಗೇ ಬಿಟ್ಟೆ.

ಇನ್ನೊಂದು ಮೆಚ್ಚಿದ್ದು ಟೈಮ್‌ಶಿಫ್ಟ್. ಒಳ್ಳೆಯ ಸ್ಥಿತಿಯಲ್ಲಿದ್ದಾಗ ಒಂದು ನಕಲು ತೆಗೆದಿಟ್ಟರೆ, ಏನಾದರೂ ಎಡವಟ್ಟು ಮಾಡಿಕೊಂಡಾಗ ಅಲ್ಲಿಗೆ ವಾಪಸ್ ಹೋಗಬಹುದು. ನಾನು ಎಡವಟ್ಟು ಮಾಡಿಕೊಂಡೆ, ಎರಡನೇ ವಾರದಲ್ಲಿ, ಯಾರೋ ಹೇಳಿದ ಕಮಾಂಡನ್ನು ಅರ್ಥ ಆಗದೆ ಟರ್ಮಿನಲ್ಲಿಗೆ ಅಂಟಿಸಿ. ವಾಪಸ್ ಬಂದೆ, ಐದು ನಿಮಿಷ.

ಈಗ ಬೇಜಾರಿನ ವಿಷಯ. ನಮ್ಮ ಮನೆಯ ಲೇಸರ್ ಪ್ರಿಂಟರ್ ಹನ್ನೆರಡು ವರ್ಷದ್ದು, ಜೆರಾಕ್ಸ್ ಅಂಗಡಿಗಳಲ್ಲೆಲ್ಲ ಕಾಣುವಂಥದ್ದು. ವಿಂಡೋಸಿನಲ್ಲಿ ಕಣ್ಣು ಮುಚ್ಚಿ ಪ್ರಿಂಟ್ ಕೊಡುತ್ತಿದ್ದೆ. ಇಲ್ಲಿ ಅದರ ಡ್ರೈವರ್ ಹುಡುಕಿ ಹಾಕುವುದಕ್ಕೆ ಒಂದು ಭಾನುವಾರ ಪೂರ್ತಿ ಹೋಯಿತು, ಆಮೇಲೂ ಮೂರು ಪ್ರಿಂಟಿಗೊಮ್ಮೆ ಮುನಿಸಿಕೊಳ್ಳುತ್ತದೆ. ಹೊಸ ವೈಫೈ ಪ್ರಿಂಟರುಗಳಿಗೆ ಈ ಕಷ್ಟ ಇಲ್ಲ, ಅಕ್ಕನ ಮನೆಯದು ಕೇಳದೇ ಕೂಡಿಕೊಂಡಿತು. ಬೆರಳಚ್ಚಿನ ಸೆನ್ಸರ್ ಸತ್ತಂತೆ. 22.2ರಲ್ಲಿ ಅದಕ್ಕೇ ಅಂತ ಹೊಸ ಆ್ಯಪ್ ಕೊಟ್ಟಿದ್ದಾರೆ, ಆದರೆ ನಮ್ಮ ಸೆನ್ಸರಿಗೆ ಡ್ರೈವರೇ ಇಲ್ಲದ ಮೇಲೆ ಆ್ಯಪ್ ಏನು ಮಾಡೀತು. ಎಂಎಸ್ ಆಫೀಸಿನ ಬದಲಿಗೆ ಬಳಸುವ ಲಿಬ್ರೆ ಆಫೀಸಿನಲ್ಲಿ ವರ್ಡ್ ಫೈಲು ತೆರೆಯುತ್ತದೆ, ಟೇಬಲ್ ಜಾಸ್ತಿ ಇದ್ದರೆ ಅಲ್ಲಲ್ಲಿ ಸಾಲು ಜರುಗುತ್ತದೆ. ಟ್ಯಾಲಿ ಬಳಸುವವರು, ಜಿಎಸ್‌ಟಿಗೆ ಡಿಜಿಟಲ್ ಸಹಿಯ ಟೋಕನ್ ಚುಚ್ಚುವವರು ಈ ಕಡೆ ತಲೆ ಹಾಕುವ ಮೊದಲು ಹತ್ತು ಸಲ ಯೋಚಿಸಿ.

ತಿಪಟೂರಿನ ನಮ್ಮ ಭಾವನ ವಿಷಯದಲ್ಲಂತೂ ಮಿಂಟ್ ಮಾತೇ ಎತ್ತಲಿಲ್ಲ. ಅವರು ಮನೆ ಮುಂದಿನ ಕೋಣೆಯಲ್ಲಿ ಡಿಟಿಪಿ ಮಾಡುತ್ತಾರೆ. ಲಗ್ನಪತ್ರಿಕೆ, ಗೃಹಪ್ರವೇಶ, ವೈಕುಂಠ ಸಮಾರಾಧನೆಯ ಕಾರ್ಡು. ಗಣಕ 2014ರದು, ನಾಲ್ಕನೇ ತಲೆಮಾರಿನ ಐ3. ಕೆಲಸ ಎಲ್ಲ ವಿಂಡೋಸಿನ ಪೇಜ್‌ಮೇಕರಿನಲ್ಲಿ, ಅದರ ಕೊನೆಯ ಆವೃತ್ತಿ ಬಂದದ್ದೇ 2001ರಲ್ಲಿ. ಅಕ್ಷರ ಎಲ್ಲ ನುಡಿಯ ಹಳೆ ಫಾಂಟು, ಎಲ್ಲ ಗಣಕಗಳಿಗೂ ಅರ್ಥವಾಗುವ ಯೂನಿಕೋಡ್ ಅಲ್ಲ. ಫಾಂಟ್ ತಪ್ಪಿತೋ, ‘ಕನ್ನಡ’ ಅನ್ನೋ ಪದದ ಮಧ್ಯೆ ಬ್ರಿಟಿಷರ ಪೌಂಡ್ ಚಿಹ್ನೆ ಬಂದು ಕೂರುತ್ತದೆ. ಹದಿನೈದು ವರ್ಷದ ಪತ್ರಿಕೆಗಳೆಲ್ಲ ಆ ರೂಪದಲ್ಲೇ ಇವೆ. "ಹೋದ ಸಲ ಅಣ್ಣನ ಮದುವೆಗೆ ಮಾಡಿಕೊಟ್ಟಿದ್ರಲ್ಲ, ಅದನ್ನೇ ಹೆಸರು ಬದಲಾಯಿಸಿ ಕೊಡಿ" ಅಂತ ಜನ ಬರುತ್ತಾರೆ. ಆ ಫೈಲು ತೆರೆಯದಿದ್ದರೆ ಭಾವನ ಅಂಗಡಿಯೇ ಇಲ್ಲ.

ಅವರಿಗೆ ಇಎಸ್‌ಯು ಹಾಕಿಕೊಟ್ಟೆ. ಅಂದರೆ ವಿಂಡೋಸ್ 10ಕ್ಕೆ ಇನ್ನೊಂದು ವರ್ಷ, 2026ರ ಅಕ್ಟೋಬರ್ 13ರವರೆಗೆ, ಸುರಕ್ಷತೆಯ ತೇಪೆಗಳು ಮಾತ್ರ. ಹೊಸ ಸೌಲಭ್ಯ ಏನೂ ಇಲ್ಲ. ಇದಕ್ಕೆ 30 ಡಾಲರ್, ಇಲ್ಲವೇ ಮೈಕ್ರೋಸಾಫ್ಟ್ ರಿವಾರ್ಡ್ಸಿನ 1,000 ಅಂಕ, ಎರಡೂ ಬೇಡ ಅಂದರೆ ಸೆಟ್ಟಿಂಗ್ಸನ್ನು ಅವರ ಖಾತೆಗೆ ಬ್ಯಾಕಪ್ ಮಾಡಲು ಒಪ್ಪಿಕೊಂಡರೆ ಪುಕ್ಕಟೆ. ಆವೃತ್ತಿ 22ಎಚ್2 ಆಗಿರಬೇಕು. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಅದರ ಲಿಂಕ್ ಬರುತ್ತದೆ. ಮೈಕ್ರೋಸಾಫ್ಟ್ ಖಾತೆ ಬೇಕೇ ಬೇಕು. ಭಾವನಿಗೆ ಖಾತೆ ಇರಲಿಲ್ಲ, ಮಾಡಿದೆವು, ಪಾಸ್‌ವರ್ಡನ್ನು ಅವರು ಹಳೆ ಲಗ್ನಪತ್ರಿಕೆಯೊಂದರ ಹಿಂದೆ ಬರೆದು ಕೀಬೋರ್ಡಿನ ಕೆಳಗೆ ಇಟ್ಟರು. ಸುರಕ್ಷತೆ! "ಒಂದು ವರ್ಷ ಆದ್ಮೇಲೆ ಏನ್ ಮಾಡೋದಪ್ಪಾ?" ಅಂದರು. ಆಗ ನೆಟ್ಟಿನ ತಂತಿ ಕಿತ್ತು ಇದನ್ನು ಬರೀ ಪೇಜ್‌ಮೇಕರಿಗೆ ಇಟ್ಟುಕೊಳ್ಳಿ, ವಾಟ್ಸ್‌ಆ್ಯಪಿನಲ್ಲಿ ಬರುವ ಫೋಟೋಗಳಿಗೆ ಬೇರೆ ಒಂದು ಸೆಕೆಂಡ್ ಹ್ಯಾಂಡ್ ತಗೊಳ್ಳಿ ಅಂದಿದ್ದೇನೆ. ಪೂರ್ತಿ ಖುಷಿಯಾಗಿ ಕೊಟ್ಟ ಸಲಹೆ ಅಲ್ಲ. ಬೇರೆ ಹೊಳೆಯಲಿಲ್ಲ.

ಅಕ್ಕನ ಮಗಳದು ಇನ್ನೊಂದು ಕತೆ, ಚಿಕ್ಕದು. ಎಂಟನೇ ತಲೆಮಾರಿನ ಐ5, ಆದರೂ ವಿಂಡೋಸ್ 11 ಆಗಲ್ಲ ಅಂತ ತೋರಿಸುತ್ತಿತ್ತು. ಬಯಾಸಿಗೆ (ವಿಂಡೋಸ್ ಏಳುವ ಮೊದಲೇ ಬರುವ ಮೂಲ ಸೆಟ್ಟಿಂಗ್ಸ್) ಹೋಗಿ ನೋಡಿದರೆ ಪಿಟಿಟಿ ಅನ್ನೋದು ಆಫ್ ಆಗಿತ್ತು, ಇಂಟೆಲ್‌ನವರು ಟಿಪಿಎಂ ಅನ್ನು ಕರೆಯುವ ಹೆಸರು ಅದು. ಎಎಂಡಿ ಆದರೆ ಎಫ್‌ಟಿಪಿಎಂ ಅಂತ ಇರುತ್ತದೆ. ಆನ್ ಮಾಡಿದೆ, ಅಪ್‌ಗ್ರೇಡ್ ಆಯ್ತು, ಚೆನ್ನಾಗಿ ನಡೆಯುತ್ತಿದೆ. ಎಂಟನೇ ತಲೆಮಾರು ಅಥವಾ ಅದರ ಮೇಲಿನದು ಇದ್ದವರು ಸುಮ್ನೆ ವಿಂಡೋಸ್ 11 ಹಾಕಿಕೊಳ್ಳಿ, ದುಡ್ಡೂ ಇಲ್ಲ, ಇಷ್ಟೆಲ್ಲ ಪುರಾಣವೂ ಬೇಡ. ಬಯಾಸ್ ಮುಟ್ಟುವ ಮೊದಲು ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದೆಯಾ ನೋಡಿ, ಇದ್ದರೆ ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಆ ಕೀ ಆ ಲ್ಯಾಪ್‌ಟಾಪಿನೊಳಗೇ ಇದ್ದರೆ ಏನೂ ಉಪಯೋಗ ಇಲ್ಲ.

ನಮ್ಮ ಮನೆಯದಕ್ಕೆ ಬಂದರೆ, ಒಟ್ಟು ಖರ್ಚು 2,750 ರೂಪಾಯಿ. ಮಿಂಟ್‌ಗೆ ಐದಕ್ಕೆ ನಾಲ್ಕು ಕೊಡುತ್ತೇನೆ, ಆ ಒಂದನ್ನು ಕಳೆದದ್ದು ಪ್ರಿಂಟರಿನ ಭಾನುವಾರಕ್ಕೆ. ಅಪ್ಪನಿಂದ ದೂರು ಬಂದದ್ದು ಒಂದೇ, ಮೂರನೇ ದಿನ. "ನನ್ನ ಇಸ್ಪೀಟು ಎಲ್ಲೋ ಹೋಯ್ತು?" ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಹುಡುಕಿ ಐಲ್‌ರಾಯಟ್ ಅಂತ ಒಂದು ಹಾಕಿಕೊಟ್ಟೆ. ಅದರಲ್ಲಿ ಸಾಲಿಟೇರ್ ಒಂದೇ ಅಲ್ಲ, ಬಗೆಬಗೆಯ ಇಸ್ಪೀಟಿನಾಟಗಳ ಉದ್ದ ಪಟ್ಟಿಯೇ ಇದೆ. ಈಗ ದಿನಕ್ಕೊಂದು ಹೊಸ ಆಟದ ನಿಯಮ ಕೇಳಲು ಕರೆಯುತ್ತಾರೆ.